ಗಿರಣಿ ರುದ್ರಪ್ಪನ ಪಾರ್ಟು

ಹೋದ ವಾರ ಬೈಲಹೊಂಗಲದ ನಮ್ಮ ಮನೆಯ ಮಾಳಿಗೆ ಸೋರಿತು. ಸೋರೀತು ಸೋರೀತು ಎಂದು ನಾನು ತಿಂಗಳಿಂದ ಹೇಳುತ್ತ ಬಂದಿದ್ದರಿಂದ, ಹನಿ ಬಿದ್ದಾಗ ಮನೆಯವರಿಗೆಲ್ಲ ಸಿಟ್ಟು ಬಂದದ್ದು ಮಳೆಯ ಮೇಲಲ್ಲ, ನನ್ನ ಮೇಲೆ. ಯಜಮಾನರು ಎಲ್ಲಿಂದಲೋ ಒಂದು ನೀಲಿ ತಾಡಪತ್ರಿ, ಅದೇ ಟಾರ್ಪಾಲಿನ್ನು, ತಂದು ಮೇಲೆ ಹಾಸಿದರು. ಮರುದಿನ ಬಿಸಿಲು ಬಿದ್ದು ಅದು ಅರೆಬರೆ ಒಣಗುವಾಗ ಒಂದು ವಾಸನೆ ಎದ್ದಿತು. ಪ್ಲಾಸ್ಟಿಕ್ಕು, ಕೆಸರು, ಮುಗ್ಗಿದ ಕಾಳು ಎಲ್ಲ ಕೂಡಿದಂಥದ್ದು. ಅರಿವೆ ಒಣಹಾಕಲು ಹೋದವಳು ಅಲ್ಲೇ ನಿಂತು ನಗತೊಡಗಿದೆ. ಕೆಳಗಿನಿಂದ ಯಜಮಾನರು "ಏನಾತ?" ಎಂದರು. ನಾನು ಒಬ್ಬಳೇ ಕೂತು ಗೊಣಗಿದರೆ ಅವರು ಕೇಳುವುದಿಲ್ಲ, ಅದು ರೂಢಿ; ಒಬ್ಬಳೇ ನಗುವುದು ಮಾತ್ರ ಅವರನ್ನು ಹೆದರಿಸುತ್ತದೆ.

"ಏನಿಲ್ರಿ, ಹೊಳಿ ನೆನಪಾತು," ಎಂದೆ.

ಯಾವ ಹೊಳೆ ಎಂದು ಅವರಿಗೆ ಗೊತ್ತು. ಅದು ಹರಿಯುವ ಹೊಳೆಯಲ್ಲ. ಎರಡೂ ತುದಿಗೆ ಹೆಂಗಸರು ನಿಂತು ಹಿಡಿದು ಅಲುಗಿಸಿದಾಗ ಮಾತ್ರ ಬರುತ್ತಿದ್ದ ತಾಡಪತ್ರಿಯ ಹೊಳೆ.

ಆ ಹೊಳೆ ಕಂಡ ವರ್ಷ, ಬೈಲಹೊಂಗಲದ ಹೈಸ್ಕೂಲಿನಲ್ಲಿ ಟೀಚರಾಗಿದ್ದ ನನ್ನನ್ನು ಒಂದು ವರ್ಷದ ಮಟ್ಟಿಗೆ ರಾಮದುರ್ಗದ ಆಚೆ, ಮಲಪ್ರಭೆಯ ದಂಡೆಯ ಒಂದು ಊರಿನ ಶಾಲೆಗೆ ನಿಯೋಜನೆಯ ಮೇಲೆ ಹಾಕಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ಗಿರಣಿಯ ಶಾಂತವ್ವ ಫೋನು ಮಾಡಿ, ನಾನು ಏನೇನು ಬಿಟ್ಟೆನೆಂದು ತಾಸುಗಟ್ಟಲೆ ಹೇಳುತ್ತಾಳೆ. ನನ್ನ ತವರು ಕಿತ್ತೂರು. ಕಿತ್ತೂರಿನವಳೆಂದ ಕೂಡಲೇ ಜನ ಕುದುರೆ ಹತ್ತಿದ ಹೆಂಗಸನ್ನು ಕಲ್ಪಿಸಿಕೊಳ್ಳುತ್ತಾರೆ. ನಾನೋ ಬಸ್ಸು ಹತ್ತಿದ ಮೇಲೂ ಬೋರ್ಡು ಸರಿಯಾಗಿ ಓದಿದೆನೋ ಇಲ್ಲವೋ ಎಂದು ಇಳಿದು ನೋಡಿ ಬರುವವಳು. ಶನಿವಾರ ಮಧ್ಯಾಹ್ನ ಹೊರಟು ಸವದತ್ತಿಯಲ್ಲಿ ಬಸ್ಸು ಬದಲಿಸಿ ಮನೆ ಸೇರುವುದು, ಸೋಮವಾರ ನಸುಕಿನಲ್ಲಿ ತಿರುಗಿ ಹೋಗುವುದು. ಸವದತ್ತಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ನಾನು ಪಟ್ಟ ಚಿಂತೆಯನ್ನೆಲ್ಲ ಹರಿಯಬಿಟ್ಟಿದ್ದರೆ ಅಲ್ಲಿ ಇನ್ನೊಂದು ಡ್ಯಾಮು ಕಟ್ಟಬೇಕಾಗುತ್ತಿತ್ತು.

ಜೂನಿನಲ್ಲಿ ಹೋದವಳು ಮೊದಲು ಕೇಳಿದ್ದು ಮಹಡಿಯ ಮೇಲಿನ ಖೋಲಿ. "ಹೊಳಿ ಗಿಳಿ ಬಂದ್ರ ಇರಲಿ ಅಂತ," ಎಂದು ಸಂಕೋಚದಿಂದ ಹೇಳಿದೆ. ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಲೋ ಆತು ಬಿಡ್ರಿ ಅಕ್ಕೋರ. ಹೊಳಿ ಬಂದ್ರ ನಾವೆಲ್ಲಾ ನಿಮ್ಮ ಖೋಲಿಗೇ ಬರ್ತೇವಿ. ಒಂದೀಟು ದೊಡ್ಡ ಬೋಗಾಣ್ಯಾಗ ಅನ್ನಾ ಮಾಡಿಟ್ಟಿರ್ರಿ," ಎಂದಳು.

ನಾನು ಹೋಗುವ ಕೆಲವು ವರ್ಷ ಮುಂಚೆ ಹೊಳೆ ನಿಜವಾಗಿಯೂ ಬಂದಿತ್ತು. ಗೋಡೆಗಳ ಮೇಲೆ, ನನ್ನ ತಲೆಗಿಂತ ಮೇಲೆ, ಕಂದು ಗೆರೆ ಇನ್ನೂ ಇತ್ತು. ಜೀವ ಒಂದೂ ಹೋಗಿರಲಿಲ್ಲ. ಹೋದದ್ದು ಗೋಡೆ, ಕಾಳು, ಮೇವು. ಅದಕ್ಕೇ ಇರಬೇಕು, ನಕ್ಕು ಹೇಳುವ ಧೈರ್ಯ ಆ ಜನಕ್ಕಿತ್ತು. ಹೊಳೆ ಬಂದ ದಿನದ ಕತೆಯಿಲ್ಲದ ಮನುಷ್ಯ ಆ ಊರಲ್ಲಿ ಇರಲಿಲ್ಲ. ಆ ಲೆಕ್ಕದಲ್ಲಿ ನಾನೊಬ್ಬಳೇ ಬಡವಿ. ಮಳೆಗಾಲದ ಸಂಜೆಗಳಲ್ಲಿ ಛತ್ರಿ ಹಿಡಿದು ದಂಡೆಗೆ ಹೋಗಿ ನೀರು ನಿನ್ನೆಗಿಂತ ಎಷ್ಟು ಮೇಲೆ ಬಂದಿದೆ ಎಂದು ನೋಡಿ ಬರುತ್ತಿದ್ದೆ. ದನ ಹೊಡೆದುಕೊಂಡು ಬರುವವರು, "ಅಕ್ಕೋರು ಹೊಳಿ ಹಾಜರಿ ತಗೊಳ್ಳಾಕ ಬಂದಾರ," ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಕತೆಗಳಲ್ಲೆಲ್ಲ ಹೆಸರಾದದ್ದು ಶಾಂತವ್ವನ ಕತೆ. ಅದನ್ನು ಕೇಳಲು ಗಿರಣಿಗೆ ಹೋಗಬೇಕು.

ಹಿಟ್ಟಿನ ಗಿರಣಿ ಶಾಂತವ್ವನ ಗಂಡ ರುದ್ರಪ್ಪನದು, ಮನೆಯ ಮುಂಭಾಗದಲ್ಲೇ. ಒಳಗೆ ಆತ, ಹೊರಗಿನ ಕಟ್ಟೆಯ ಮೇಲೆ ಆಕೆ. ಜೋಳ ಅಳೆದು ಡಬ್ಬಿಗಳನ್ನು ಪಾಳಿಯಲ್ಲಿಡುವುದು ಆಕೆಯ ಕೆಲಸ, ಬೀಸುವುದು ಆತನದು. ಗಿರಣಿ ಸುರುವಾದರೆ ಒಳಗೆ ನಿಂತವನಿಗೆ ಸಿಡಿಲು ಬಿದ್ದರೂ ಕೇಳುವುದಿಲ್ಲ. ಅದರಿಂದ ರುದ್ರಪ್ಪನ ಮಾತೆಲ್ಲ ಕೈಯಲ್ಲಿ. ಹೆಬ್ಬೆರಳಿಗೆ ಬೆರಳು ತಿಕ್ಕಿದರೆ "ಸಣ್ಣಗ ಬೀಸಲ್ಯೋ?", ಅಂಗೈ ಮುಂದೆ ಚಾಚಿದರೆ "ತಡೀರಿ", ಎರಡೂ ಅಂಗೈ ಬಿಚ್ಚಿ ತೋರಿಸಿದರೆ "ಮುಗೀತು, ಏನೂ ಉಳಿದಿಲ್ಲ." ಇನ್ನು ಯಾರೇ ಬಂದು ಬಾಯಿ ಅಲ್ಲಾಡಿಸಿ ಏನೇ ಹೇಳಿದರೂ ಆತ ಹೂಂ ಎಂಬಂತೆ ಗೋಣು ಹಾಕುತ್ತಿದ್ದ. ಗಿರಣಿ ನಿಂತ ಮೇಲೂ ಆತನ ಬಾಯಿಂದ ಹೆಚ್ಚು ಮಾತು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮನೆಯಲ್ಲಿ ಮಾತಿನ ಪಾಲೆಲ್ಲ ಶಾಂತವ್ವನಿಗೇ ಬಂದಿತ್ತು.

ನಾನು ಮೊದಲ ಸಲ ಡಬ್ಬಿ ಇಟ್ಟುಕೊಂಡು ಕೂತಾಗ, ಪಕ್ಕದಲ್ಲಿ ಸಿರಸಂಗಿಯಿಂದ ಬಂದ ಒಬ್ಬಳು ನೆಂಟರಾಕೆ ಇದ್ದಳು. ಹೊಸ ಕಿವಿ ಸಿಕ್ಕಿತೆಂದು ಶಾಂತವ್ವ ಸೆರಗು ಸರಿಮಾಡಿಕೊಂಡಳು. ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ ಸುರು ಮಾಡಿದಳು.

"ನೀರು ಊರ ಅಗಸಿ ಬಾಗಲತನಾ ಬಂತು, ಎಲ್ಲಾರೂ ಮ್ಯಾಲ ಹೋಗ್ರಿ ಅಂತ ಸಾರಿದ್ರವ್ವಾ. ಮಂದಿಗೆಲ್ಲಾ ಹಿಟ್ಟಿನ ಚಿಂತಿ. ಗುಡ್ಡದಾಗ ರೊಟ್ಟಿ ಬಡೀಬೇಕಲ್ಲಾ! ಅದಕ್ಕ ಇವರು ಕಡೀತನಾ ಗಿರಣಿ ನಡಸಿದ್ರು. ನಾ ಅತ್ತೀನ, ಹುಡುಗೂರನ ಟ್ರ್ಯಾಕ್ಟರದಾಗ ಕುಂದ್ರಿಸ್ಕೊಂಡು ಗುಡ್ಡದ ಗುಡಿಗೆ ಹ್ವಾದೆ. ಇವರಿಗೆ ಹೇಳೇ ಹ್ವಾದೆ ಮತ್ತ. ಗಿರಣಿ ಬಂದ್ ಮಾಡಿ ಇವರೂ ಸಾಲಿ ದಿಬ್ಬಕ್ಕ ಹೋಗ್ಯಾರ. ಅಲ್ಲೇ ಸುಮ್ಮ ಕುಂದ್ರಬೇಕೋ ಬ್ಯಾಡೋ? ಹೊಳ್ಳಿ ಮನಿಗೆ ಬಂದಾರ! ಯಾತಕ್ಕ? ಗಿರಣಿ ಮೋಟಾರ ಬಿಚ್ಚಾಕ!"

"ಅಯ್ಯ ಶಿವನ!" ಎಂದಳು ಸಿರಸಂಗಿಯಾಕೆ.

"ಮೊಳಕಾಲತನಾ ಇದ್ದ ನೀರು ಎದಿಗೆ ಬಂತು, ಎದಿಯಾಗಿಂದು ಕುತ್ತಿಗಿಗೆ ಬಂತು. ಮೋಟಾರ ಒಂದ ಕಡೆ, ಇವರೊಂದ ಕಡೆ! ಹಿತ್ತಲ ಬೇವಿನ ಗಿಡಾ ಹತ್ತಿ ಕುಂತ್ರು. ಅಲ್ಲಿ ಮೊದಲ ಒಂದು ಹುಂಜಾ ಬಂದು ಜಾಗಾ ಹಿಡದಿತ್ತು. ಅದರ ಬಾಜೂಕ ಕುಂತು 'ಶಾಂತಾ! ಶಾಂತಾ!' ಅಂತ ಹೊಯ್ಕೊಳ್ಳಾಕತ್ತಿದ್ರಂತ. ನಾ ಏನ ಈಸಿ ಬಂದು ಇಳಸಾಕೇನು? ಬೋಟಿನ ಮಂದಿ ಬಂದು, 'ಯಜಮಾನ್ರ, ಶಾಂತಾ ಅನ್ನೂದು ಈ ಹುಂಜದ ಹೆಸರೇನ್ರಿ?' ಅಂತ ಕೇಳಿದ್ರಂತ!"

ಕಟ್ಟೆಯ ತುಂಬ ನಗೆ. ಆ ಹೆಂಗಸರು ಇದನ್ನು ಎಷ್ಟೋ ಸಲ ಕೇಳಿದ್ದವರು. ಆದರೂ ನಗುವ ಜಾಗ ಬರುವ ಮುಂಚೆಯೇ ಬಾಯಿ ತೆರೆದು ಕಾಯುತ್ತಿದ್ದರು. ನಕ್ಕು ಎಲ್ಲರೂ ಒಳಗೆ ರುದ್ರಪ್ಪನ ಕಡೆ ನೋಡುವುದು. ಆತ ಕೈಯೆತ್ತಿ ಗೋಣು ಹಾಕುವುದು. ಗಂಡನ ಕತೆ ಗಂಡನ ಎದುರಿಗೇ ಇಷ್ಟು ವರ್ಷ ನಡೆದಿತ್ತು, ಗಂಡನ ಕಿವಿಗೆ ಮಾತ್ರ ಒಂದು ಅಕ್ಷರವೂ ಬಿದ್ದಿರಲಿಲ್ಲ.

ಅವತ್ತು ಬಿತ್ತು. ಕರೆಂಟು ಹೋಯಿತು. ಮೋಟಾರಿನ ಪಟ್ಟಾ ಉಸಿರುಗಟ್ಟಿದಂತೆ ಸುತ್ತಿ ಸುತ್ತಿ ನಿಂತಿತು. ಗಿರಣಿಯೊಡನೆ ಪೈಪೋಟಿಗೆ ಎತ್ತಿದ ಶಾಂತವ್ವನ ದನಿ ಅಷ್ಟು ಬೇಗ ಇಳಿಯಲಿಲ್ಲ.

"ಹೇಣ್ತಿ ಎಲ್ಲಿದಾಳ, ಮಕ್ಕಳ ಎಲ್ಲಿದಾವ, ಖಬರಿಲ್ಲ! ಹೇಣ್ತಿಕಿಂತಾ ಮೋಟಾರ ಹೆಚ್ಚ ಇವರಿಗೆ!"

ರುದ್ರಪ್ಪ ಬಾಗಿಲಿಗೆ ಬಂದು ನಿಂತ. ರೆಪ್ಪೆಯ ಮೇಲೆಲ್ಲ ಹಿಟ್ಟು.

"ಇದಕ್ಕ ನಗಾಕತ್ತಿದ್ರೇನು ನೀವೆಲ್ಲಾ?" ಎಂದು ಮೆಲ್ಲಗೆ ಕೇಳಿದ. "ನಾ ಮೀಸ್ಯಾಗ ಹಿಟ್ಟು ಕುಂತಿದ್ದಕ್ಕ ನಗತಾರ ಅಂತ ತಿಳಿದಿದ್ದೆ."

ನಾನು ಡಬ್ಬಿಯ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದೆ.

"ಹಂಗಾಗಿಲ್ಲ ಅದು," ಎಂದ.

"ಮತ್ತ ಹೆಂಗಾಗೇತಿ ಹೇಳ್ರಿ ಹಂಗಾರ?" ಶಾಂತವ್ವ ಸೋಲುವವಳಲ್ಲ. "ಎಲ್ಲಾರೂ ಕುಂತಾರ, ಹೇಳ್ರಿ."

ರುದ್ರಪ್ಪ ಬಾಯಿ ತೆರೆದ. ಕೈ ಮೇಲಕ್ಕೆ ಬಂತು, ಗಾಳಿಯಲ್ಲಿ ಏನೋ ಹಿಡಿಯಲು ಹೋಯಿತು. ಅಷ್ಟರಲ್ಲಿ ಕರೆಂಟು ಬಂತು. ಗಿರಣಿ ಗುಡುಗಿತು. ಆತನ ಉತ್ತರ ಅದರಲ್ಲಿ ಹಿಟ್ಟಾಗಿ ಹೋಯಿತು.

ಮಳೆ ಮುಗಿಯಿತು, ದಸರೆ ದಾಟಿತು, ಎರೆಹೊಲಗಳಲ್ಲಿ ಬಿಳಿಜೋಳ ಮೊಳಕಾಲಿಗೆ ಬಂತು. ಹೆಡ್ ಮಾಸ್ತರರು ಒಂದು ದಿನ ನನ್ನನ್ನು ಕರೆದು, ಈ ಸಲದ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಮಕ್ಕಳ ಕುಣಿತದ ಜೊತೆಗೆ ಪಾಲಕರದೂ ಒಂದು ನಾಟಕ ಇರಲಿ ಎಂದರು. "ಹೊಳಿ ಬಂದ ದಿನಾ ಅಂತ ಹೆಸರ ಇಡ್ರಿ. ಎಲ್ಲಾರ ಕಡೇನೂ ಕತಿ ಐತಿ. ನೀವು ಬರೆದು ಕೊಟ್ರಾತು." ಕೊಟ್ಟರಾಯಿತು ಎನ್ನುವ ಮಾತು ಕೇಳಿದಾಗಲೆಲ್ಲ ನಾನು ಏನೇನು ಕೆಡಬಹುದೆಂದು ಎಣಿಸತೊಡಗುತ್ತೇನೆ. ವೇದಿಕೆ ಕುಸಿದರೆ? ಮೈಕು ಕೈಕೊಟ್ಟರೆ? ಯಾರದೋ ಕತೆ ಬಿಟ್ಟು ಅವರಿಗೆ ಬೇಸರವಾದರೆ? ಕರೆಂಟಿನ ಹೆದರಿಕೆಗೆ, ನಾಟಕ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು ಎಂಬ ಒಂದೇ ಷರತ್ತು ಹಾಕಿ ಒಪ್ಪಿಕೊಂಡೆ.

ಸುದ್ದಿ ಹಬ್ಬಿದ ಮರುದಿನವೇ ರುದ್ರಪ್ಪ ಸಾಲಿಗೆ ಬಂದ. ಗಿರಣಿ ಬಿಟ್ಟು ಆತ ಹಗಲಲ್ಲಿ ಹೊರಬಿದ್ದದ್ದೇ ಊರಿಗೆ ಒಂದು ಸುದ್ದಿ.

"ಅಕ್ಕೋರ, ನನಗೊಂದು ಪಾರ್ಟ ಕೊಡ್ರಿ."

"ಯಾವ ಪಾರ್ಟ್ರಿ?"

"ನಂದ."

ನನಗೆ ಅರ್ಥವಾಯಿತು. "ಅವತ್ತ ಏನಾಗಿತ್ತು ಹೇಳ್ರಿ ರುದ್ರಪ್ಪನವರ, ಬರ್ಕೋತೇನಿ," ಎಂದೆ.

ಆತ ಟೊಪ್ಪಿಗೆ ತೆಗೆದು ಹಿಟ್ಟು ಕೊಡವಿದ. "ಹೇಳಾಕ ಬರೂದಿಲ್ಲರಿ. ಹೇಳಾಕ ನಿಂತ್ರ ಆಕೀನ ಗೆಲ್ಲತಾಳ. ಆ ಮಂದೀನ ಕುಂದ್ರಿಸಿ ಒಮ್ಮೆ ಮಾಡಿ ತೋರಸಬೇಕು. ನಕ್ಕಾರಲ್ಲಾ, ಅವರ ಮುಂದನ. ಆಕೀನೂ ನೋಡಬೇಕು."

ಹೀಗೆ ಆತ ನನ್ನ ಕೊರಳಿಗೆ ಒಂದು ಕಲ್ಲು ಕಟ್ಟಿ ಹೋದ. ಏನು ಮಾಡಿ ತೋರಿಸುತ್ತಾನೆಂದು ಗೊತ್ತಿಲ್ಲ; ತೋರಿಸಿದ ಮೇಲೆ ಗಂಡ ಹೆಂಡತಿ ಒಂದೇ ಮನೆಯಲ್ಲಿ ಉಳಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಬೈಲಹೊಂಗಲದಿಂದ ಬಂದ ಅಕ್ಕೋರು ನಾಟಕ ಆಡಿಸಿ ಸಂಸಾರ ಮುರಿದರು ಎಂದು ರಾಮದುರ್ಗದ ಸಂತೆಯಲ್ಲಿ ಜನ ಮಾತಾಡುವುದು ನನಗೆ ಆಗಲೇ ಕೇಳಿಸತೊಡಗಿತು.

ನಮ್ಮ ಕಡೆಯ ಬಯಲಾಟಗಳಲ್ಲಿ ಸಾರಥಿ ಎಂದೊಬ್ಬನಿರುತ್ತಾನೆ. ವೇಷ ರಂಗಕ್ಕೆ ಬಂದ ಕೂಡಲೇ "ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು" ಎಂದು ಕೇಳುವವನು. ಎಂಥ ಚಕ್ರವರ್ತಿಯೂ ಅವನಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ನಡುವೆ ಬಿಟ್ಟುಹೋದ ಕತೆ ಹೇಳುವವನೂ ಅವನೇ. ಹೊಳೆ ಬಂದ ದಿನದ ಬಿಡಿಬಿಡಿ ಕತೆಗಳನ್ನು ಹೊಲಿಯಲು ಅಂಥ ಒಬ್ಬರು ಬೇಕಾಗಿತ್ತು. ಊರಿಗೆ ಊರೇ ಶಾಂತವ್ವನ ಹೆಸರು ಹೇಳಿತು. ಗಂಡ ಪಾರ್ಟು ಕೇಳಿದ್ದು ತಿಳಿದು 'ಬರೂದಿಲ್ಲ' ಅಂದಾಳೆಂದು ಹೆದರುತ್ತ ಹೋದೆ.

"ಅವರು ಪಾರ್ಟ ಮಾಡ್ತಾರಾ? ಮಾಡ್ಲಿ ಮಾಡ್ಲಿ. ನಾ ಹೇಳ್ತೇನಿ, ಅವರು ಮಾಡ್ಲಿ," ಎಂದಳು. ಮುಖದಲ್ಲಿ ನಗೆ. ಆಮೇಲೆ ನಗೆ ಸ್ವಲ್ಪ ಇಳಿಸಿ, "ಅಕ್ಕೋರ, ನಾ ಏನ ಸುಳ್ಳ ಹೇಳೂದಿಲ್ಲ. ಬೋಟಿನಿಂದ ಇಳಿದಾಗ ನಾನ ಕೇಳಿದೆ, ಮೋಟಾರ ಸಲುವಾಗಿ ಜೀವಾ ಕೊಡಾವ್ರಿದ್ರೇನು ಅಂತ. ಹೂಂ ಅಂದ್ರು. ಮಂದಿ ಮುಂದ ಹೂಂ ಅಂದ್ರು. ನಕ್ಕೋತ ಹೇಳದಿದ್ರ ಅದನ್ನ ಹೆಂಗ ಇಟ್ಕೊಳ್ಳಲಿ ಹೇಳ್ರಿ?" ಎಂದಳು.

ಅಲ್ಲಿಯವರೆಗೆ ಆ ಕತೆ ನನಗೆ ಬರೀ ತಮಾಷೆಯಾಗಿತ್ತು.

ತಾಲೀಮು ಸಂಜೆ ಸಾಲಿಯ ದೊಡ್ಡ ಖೋಲಿಯಲ್ಲಿ. ಪ್ರವಾಹ ಬಂದಾಗ ಮನೆಮನೆಗೆ ಹಂಚಿದ್ದ ನೀಲಿ ತಾಡಪತ್ರಿಗಳನ್ನು ಜೋಡಿಸಿ ಹೊಲಿದು ಹೊಳೆ ಮಾಡಿದೆವು. ಗೋಡೆಗೊಂದು ಏಣಿ ಆನಿಸಿ ಬೇವಿನ ಟೊಂಗೆ ಕಟ್ಟಿದರೆ ಗಿಡವಾಯಿತು. ಮೋಟಾರು ಎಲ್ಲಿಂದ ತರುವುದೆಂದು ನಾನು ತಲೆಕೆಡಿಸಿಕೊಂಡಿರುವಾಗ ರುದ್ರಪ್ಪನೇ ಹೊಳೆಯಲ್ಲಿ ಕೆಟ್ಟುಹೋದ ಹಳೆಯ ಮೋಟಾರನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಬಂದು ಇಳಿಸಿದ. ಶಾಂತವ್ವ ಎಲ್ಲರ ಕಡೆ ನೋಡಿ, "ಒಪ್ಪಿಕೊಂಡಂಗಾತಲ್ಲೋ?" ಎಂದು ಕಣ್ಣು ಮಿಟುಕಿಸಿದಳು.

ಆದರೆ ತಾಲೀಮಿನಲ್ಲಿ ಆತ ಏನನ್ನೂ ಮಾಡಲಿಲ್ಲ. ಬಂದು ನಿಲ್ಲುತ್ತಿದ್ದ, ಕೇಳುತ್ತಿದ್ದ. "ಅಕ್ಕೋರ, ಬಾಗಲಾ ಯಾವ ಕಡೆ ತಗಿಯೂದ್ರಿ?" ಎಡಗಡೆ ಎಂದರೆ, "ನಮ್ಮನೀದು ಬಲಗಡೆ ಐತ್ರಿ," ಎನ್ನುತ್ತಿದ್ದ. "ಆಕೀ ಹೇಳೂ ಮುಂದ ಮೊಳಕಾಲಿನ ನೀರು ಒಂದ ಮಾತಿಗೆ ಕುತ್ತಿಗಿಗೆ ಬರತೈತಿ. ನಾ ನಡೀಬೇಕಲ್ರಿ. ನಡುವ ಏನ ಮಾಡ್ಲಿ?" ಇಪ್ಪತ್ತು ವರ್ಷ ಮಕ್ಕಳಿಗೆ ನಾಟಕದ ಪಾಠ ಮಾಡಿದವಳು ನಾನು. ಪುಸ್ತಕದಲ್ಲಿ ಕಂಸದೊಳಗೆ 'ಒಳಗೆ ಬರುತ್ತಾನೆ' ಎಂದು ಒಂದು ಸಾಲು ಇರುತ್ತದೆ. ಅದನ್ನು ಓದಿ ಮುಂದೆ ಹೋಗುತ್ತಿದ್ದೆ. ಒಳಗೆ ಬರುವುದೆಂದರೆ ಇಷ್ಟೊಂದು ಕೆಲಸವೆಂದು ಯೋಚಿಸಿರಲಿಲ್ಲ. "ಹೆಂಗ ಬಂದಿದ್ರೋ ಹಂಗ ಬರ್ರಿ," ಎಂದೆ. "ಹಂಗಾರ ಅವತ್ತ ಮಾಡತೇನಿ," ಎಂದು ಆತ ಗಿರಣಿಗೆ ಹೋಗಿಬಿಟ್ಟ. ಪ್ರತಿ ಸಂಜೆಯೂ ಇದೇ.

ಆತನ ಬದಲು ಯಾರಾದರೂ ನಡೆಯಬೇಕಲ್ಲ. ಶಾಂತವ್ವ "ಮೋಟಾರ ಎತ್ತಿದ್ರು" ಎಂದರೆ ನಾನು ಎತ್ತಿದಂತೆ ಮಾಡುತ್ತಿದ್ದೆ. "ಗಿಡಾ ಹತ್ತಿದ್ರು" ಎಂದರೆ ಸೀರೆಯ ನಿರಿಗೆ ಹಿಡಿದುಕೊಂಡು ಏಣಿ ಹತ್ತುತ್ತಿದ್ದೆ. ಎರಡನೆಯ ಮೆಟ್ಟಿಲಿಗಿಂತ ಮೇಲೆ ನನಗೆ ಧೈರ್ಯ ಬರಲಿಲ್ಲ. "ಅಕ್ಕೋರ ಮುಳುಗಿ ಹ್ವಾದ್ರು!" ಎಂದು ಹೊಳೆ ಹಿಡಿದ ಹೆಂಗಸರು ತಾಡಪತ್ರಿಯನ್ನು ನನ್ನ ತಲೆಯ ಮೇಲೆ ಹಾಕಿ ನಗುತ್ತಿದ್ದರು. ಆ ನೀಲಿಯ ಒಳಗೆ, ಆ ವಾಸನೆಯಲ್ಲಿ, ನಾನೂ ನಕ್ಕಿದ್ದೇನೆ. ಜೀವಮಾನದಲ್ಲಿ ಅಷ್ಟು ಸುಖವಾಗಿ ಮುಳುಗಿದ್ದು ಆ ಸಂಜೆಗಳಲ್ಲಿ ಮಾತ್ರ.

ಗ್ಯಾದರಿಂಗಿನ ದಿನ ಹದವಾದ ಚಳಿ, ತೊಳೆದಂಥ ಬಿಸಿಲು. ಮಕ್ಕಳ ಕುಣಿತ ಮುಗಿದು ನಾಟಕ ಸುರುವಾದಾಗ ಸಾಲಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಜಮಖಾನೆಯ ಮೇಲೆ ರುದ್ರಪ್ಪನ ತಾಯಿ ನೀಲವ್ವ ಕಾಲು ಚಾಚಿ ಕೂತಿದ್ದಳು. ನಾನು ಪರದೆಯ ಪಕ್ಕ ಹಾಳೆ ಹಿಡಿದು ನಿಂತಿದ್ದೆ.

ಮೊದಲ ಪ್ರಸಂಗಗಳು ನಕ್ಕು ನಗಿಸಿ ದಾಟಿದವು. ಶಾಂತವ್ವನ ದನಿ ಮೈಕಿನಲ್ಲಿ ಇನ್ನೂ ರಂಗೇರಿತ್ತು. ಕೊನೆಗೆ ರುದ್ರಪ್ಪ ಬಂದ. ಮೈಮೇಲೆ ಎಂದಿನ ಅಂಗಿ, ಎಂದಿನ ಹಿಟ್ಟು. ಸಾರಥಿ ಕೇಳಬೇಕು.

"ಯಾರಪ್ಪಾ ಬಂದವರು?" ಎಂದು ಕೇಳಿ, ತಾನೇ ನಾಚಿಕೊಂಡು, "ನಮ್ಮ ಮನ್ಯಾರು ಬಂದ್ರು," ಎಂದಳು ಶಾಂತವ್ವ.

"ಹೆಸರ ಹೇಳವಾ ಸಾರಥಿ! ಒಡಪ ಹಾಕಿ ಹೇಳು!" ಎಂದು ಹೆಂಗಸರು ಕೂಗಿದರು. ಗಂಡನ ಹೆಸರನ್ನು ನೇರ ಹೇಳುವಂತಿಲ್ಲ, ಪ್ರಾಸ ಕಟ್ಟಿಯೇ ಹೇಳಬೇಕು. ಶಾಂತವ್ವ ಕ್ಷಣವೂ ತಡೆಯಲಿಲ್ಲ.

"ಕರೀ ಟೊಪ್ಪಿಗಿ ಹಿಟ್ಟ ಕುಡದು ಬೆಳ್ಳಗಾತಪ್ಪಾ, ಗಿರಣಿ ನಡಸೂ ನಮ್ಮ ರಾಯರು ರುದ್ರಪ್ಪಾ!"

ಸಿಳ್ಳೆ, ಚಪ್ಪಾಳೆ. ಹೊಳೆ ಹಿಡಿದವರು ತಾಡಪತ್ರಿ ಅಲುಗಿಸಿದರು. ರುದ್ರಪ್ಪ ಹೊಳೆಗೆ ಕಾಲಿಟ್ಟ. ಕಾಲನ್ನು ಎತ್ತದೆ, ನೆಲದ ಮೇಲೆ ಸರಿಸುತ್ತ, ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಕಾಣದ ಗೋಡೆ ಹಿಡಿದು ನಡೆದ. ಜನರ ನಗೆ ತಾನಾಗಿ ಇಳಿಯಿತು. ಹಾಗೆ ನಡೆದವರು ಅಲ್ಲಿ ಎಷ್ಟೋ ಜನರಿದ್ದರು.

"ಇವರು ಹೊಳ್ಳಿ ಮನಿಗೆ ಬಂದ್ರು! ಯಾತಕ್ಕ? ಮೋಟಾರ ಬಿಚ್ಚಾಕ!" ಎಂದಳು ಸಾರಥಿ.

ರುದ್ರಪ್ಪ ಬಲಗಡೆ ಗಾಳಿಯಲ್ಲೇ ಬಾಗಿಲು ತೆಗೆದ. ನಡುವೆ ಮೋಟಾರು ಇತ್ತು. ಅದನ್ನು ದಾಟಿದ. ಹೊಸ್ತಿಲು ದಾಟಿದಂತೆ ದಾಟಿ ಮುಂದೆ ಹೋದ.

"ಏ ರುದ್ರಪ್ಪಾ, ಮೋಟಾರ ಹಿಂದ ಉಳೀತೋ!" ಎಂದರು ಯಾರೋ. ನೀಲವ್ವ ಜಮಖಾನೆಯಿಂದಲೇ, "ಅಲ್ಲೇ ಕಾಲಾಗ ಐತ್ಯಲ್ಲೋ, ಕಾಣವಲ್ದೇನು!" ಎಂದಳು.

ನಟ ಮರೆತಾಗ ನೆನಪು ಮಾಡುವಂತೆ ಶಾಂತವ್ವ ಜೋರಾಗಿ, "ಮೋಟಾರ ಬಿಚ್ಚಾಕ ಬಂದ್ರು!" ಎಂದಳು. ಆತ ಅವಳ ಕಡೆ ಅಂಗೈ ಚಾಚಿದ. ತಡಿ. ಅಡುಗೆಮನೆಯ ಬಾಗಿಲಿಗೆ ತಲೆ ಬಗ್ಗಿಸಿ ಒಳಹೊಕ್ಕ. ಮೂಲೆ ನೋಡಿದ. ಒಲೆಯ ಹಿಂದೆ ನೋಡಿದ. ಎರಡೂ ಅಂಗೈ ಬಿಚ್ಚಿದ. ಏನೂ ಇಲ್ಲ. ದೇವರ ಖೋಲಿಯ ಬಾಗಿಲು ನೂಕಿದ. ನೀರಿನ ಒತ್ತಡಕ್ಕೆ ಅದು ಬರಲಿಲ್ಲ, ಹೆಗಲು ಕೊಟ್ಟ. ನೋಡಿದ. ಅಂಗೈ ಬಿಚ್ಚಿದ. ಅಟ್ಟಕ್ಕೆ ಕತ್ತು ಚಾಚಿದ. ದೊಡ್ಡ ಜೋಳದ ಡಬ್ಬಿಯ ಮುಚ್ಚಳವನ್ನೂ ತೆಗೆದು ಇಣುಕಿದ. ಅಲ್ಲಿ ಯಾರೋ ಕಿಸಕ್ಕೆಂದರು. ನೀರು ಎದೆಗೆ ಬಂದಿತ್ತು. ಆತನ ಕೈಗಳು ಮೇಲೆ ಹೋದದ್ದರಿಂದ ನಮಗೆಲ್ಲ ಅದು ತಿಳಿಯಿತು. ಕೈಗಳನ್ನು ಬಾಯಿಗೆ ಹಿಡಿದು ಕರೆದ.

"ಶಾಂತಾ..."

ಗಿಡ ಇನ್ನೂ ದೂರವಿತ್ತು. ಹುಂಜ ಇನ್ನೂ ಬಂದಿರಲಿಲ್ಲ.

ಹೊಳೆ ಹಿಡಿದ ಹೆಂಗಸರು ಅಲುಗಿಸುವುದನ್ನು ಮರೆತರು. ತಾಡಪತ್ರಿ ಸಪಾಟಾಗಿ ನಿಂತುಬಿಟ್ಟಿತು. ಮೈಕಿನಲ್ಲಿ ಶಾಂತವ್ವನ ಉಸಿರು ಕೇಳುತ್ತಿತ್ತು. ಇಷ್ಟು ವರ್ಷ ಹೇಳುತ್ತ ಬಂದವಳು ಮೊದಲ ಸಲ ಕೇಳಿದಳು.

"ಏನ... ಏನ ಹುಡಕಾಕತ್ತೀರಿ?"

ರುದ್ರಪ್ಪ ತಿರುಗಿ, ಬೆರಳನ್ನು ನೇರ ಅವಳ ಕಡೆ ತೋರಿಸಿದ.

"ನನ್ನ?"

ಆತ ಗೋಣು ಹಾಕಿದ.

"ನಾ ಗುಡ್ಡದ ಗುಡ್ಯಾಗ ಇದ್ನೆಲ್ರೀ!" ಶಾಂತವ್ವ ಮೈಕನ್ನೂ ನಾಟಕವನ್ನೂ ಮರೆತಳು. "ಹೇಳೇ ಹೋಗಿದ್ನೆಲ್ಲಾ! ಗಿರಣಿಗೆ ಬಂದು, ಗುಡ್ಡಕ್ಕ ಹೊಂಟೇನಿ ಅಂತ ಹೇಳಿದ್ದಕ್ಕ ಗೋಣ ಹಾಕಿದ್ರಿ!"

"ಗಿರಣಿ ನಡದಿತ್ತು," ಎಂದ ರುದ್ರಪ್ಪ. "ಗಿರಣಿ ನಡದಾಗ ನಾ ಎಲ್ಲಾರಿಗೂ ಗೋಣ ಹಾಕತೇನಿ," ಎಂದ. "ಸಾಲಿ ದಿಬ್ಬದಾಗ ನೋಡಿದೆ, ನೀ ಇರಲಿಲ್ಲ. ಮನ್ಯಾಗ ಉಳದೀ ಅಂತ ಬಂದೆ."

ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತು, "ಹಂಗಾರ ನಾ ತರಿ ಬೀಸ್ರಿ ಅಂತ ಹೇಳಿದ್ದೂ ಕೇಳೇ ಇಲ್ಲೇನು ನಿಮಗ?" ಎಂದಳು. ಸಾಲಿಯ ಮಾಡು ಹಾರಿಹೋಗುವಂತೆ ನಗೆ ಎದ್ದಿತು. ಊರ ಜನರೆಲ್ಲ ತಮತಮಗೆ ಬಿದ್ದ ಗೋಣುಗಳನ್ನು ನೆನೆಸಿಕೊಂಡು ನಕ್ಕರು. ಶಾಂತವ್ವ ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗು ಬಾಯಿಗಿತ್ತು.

"ಮತ್ತ ಬೋಟಿನಿಂದ ಇಳಿದಾಗ ಯಾಕ ಹೇಳಲಿಲ್ಲ ಮಾರಾಯರ?"

"ನೀ ಮೋಟಾರ ಅಂದಿ. ಮಂದಿ ಇದ್ರು." ರುದ್ರಪ್ಪ ನೆಲ ನೋಡಿದ. "ಮಂದಿ ಮುಂದ ಹೇಣ್ತೀನ ಹುಡಕಾಕ ಹೋಗಿದ್ದೆ ಅಂತ ಹೆಂಗ ಹೇಳೂದು? ಹೂಂ ಅಂದೆ."

ಇವತ್ತು ಮಂದಿ ಅವತ್ತಿಗಿಂತ ಬಹಳ ಇದ್ದರು. ಅದನ್ನು ಆತನಿಗೆ ಯಾರೂ ನೆನಪು ಮಾಡಿಕೊಡಲಿಲ್ಲ.

ಹೆಡ್ ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಪರದೆ ಎಳೆಯಲು ಸನ್ನೆ ಮಾಡಿದರು. ಪರದೆ ಅರ್ಧ ಬಂದಿತ್ತೋ ಇಲ್ಲವೋ, ಗಂಡಸರ ಕಡೆಯಿಂದ ಕೂಗು ಸುರುವಾಯಿತು. "ಒನ್ಸ್ ಮೋರ್! ಒನ್ಸ್ ಮೋರ್!" ನಮ್ಮ ಕಡೆ ನಾಟಕ ನೋಡುವವರಿಗೆ ಇದು ಹಕ್ಕು. ರಾಜ ಸತ್ತು ಬಿದ್ದರೂ, ಪದ ಚೆನ್ನಾಗಿತ್ತೆಂದರೆ ಎದ್ದು ಹಾಡಿ ಮತ್ತೆ ಸಾಯಬೇಕು. ಹೆಂಗಸರೂ ಸೇರಿಕೊಂಡರು. ನೀಲವ್ವ, "ನನ್ನ ಮಗಾ ಮತ್ತೊಮ್ಮೆ ಮಾಡ್ಲಿ, ನನಗ ಸರಿ ಕಾಣಲಿಲ್ಲ," ಎಂದು ಹಟ ಹಿಡಿದಳು.

ನಾನು ಹೊತ್ತು ನೋಡಿದೆ. ಸೂರ್ಯ ಇನ್ನೂ ಹೊಳೆಯಾಚೆಯ ಗಿಡಗಳ ಮೇಲಿದ್ದ. ಪರದೆ ಹಿಂದಕ್ಕೆ ಎಳೆಸಿದೆ.

ರುದ್ರಪ್ಪ ಮತ್ತೆ ಬಾಗಿಲಲ್ಲಿ ಹೋಗಿ ನಿಂತ. ಹೆಂಗಸರು ಹೊಳೆ ಎತ್ತಿದರು. ಶಾಂತವ್ವ ಮೈಕಿಗೆ ಬಂದು ಗಂಟಲು ಸರಿಮಾಡಿಕೊಂಡಳು.

"ನೀರು ಅಗಸಿತನಾ ಬಂತು. ನಾ ಗುಡ್ಡಕ್ಕ ಹ್ವಾದೆ. ಇವರು ದಿಬ್ಬದಾಗ ನೋಡಿದ್ರು, ಹೊಳ್ಳಿ ಮನಿಗೆ ಬಂದ್ರು. ಯಾತಕ್ಕ..." ಅಲ್ಲಿಗೆ ನಿಂತಳು. ನಾಲಿಗೆಗೆ ರೂಢಿಯಾದ ಮಾತು ತುದಿಯತನಕ ಬಂದಿತ್ತು, ಎಲ್ಲರೂ ಕಾದರು. "ಇನ್ನ ಮುಂದ ನನಗ ಗೊತ್ತಿಲ್ರೆವಾ. ನಾ ಅಲ್ಲಿರಲಿಲ್ಲ. ಇದ್ದಾವ್ರು ಅದಾರ, ನೋಡ್ರಿ," ಎಂದವಳೇ ಮೈಕನ್ನು ನನ್ನ ಕೈಯಲ್ಲಿ ತುರುಕಿ ವೇದಿಕೆಯಿಂದ ಇಳಿದುಹೋದಳು.

ಹೀಗೆ ನಾನು ವೇದಿಕೆಯ ನಡುವೆ, ಇಡೀ ಊರಿನ ಎದುರು, ಸಾರಥಿಯಾಗಿ ನಿಂತೆ. ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಪುಣ್ಯಕ್ಕೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಶಾಂತವ್ವ ಜಮಖಾನೆಯ ಮೇಲೆ ಅತ್ತೆಯ ಪಕ್ಕ ಜಾಗ ಮಾಡಿಕೊಂಡು, ಮೊಳಕಾಲು ತಬ್ಬಿ, ಗಲ್ಲ ಊರಿ ಕೂತಳು. ಆ ಕತೆಯನ್ನು ಕುಳಿತು ನೋಡುವುದು ಅವಳಿಗೆ ಹೊಸತು.

ರುದ್ರಪ್ಪ ಕಾಲು ಸರಿಸುತ್ತ ಬಂದ. ಮೋಟಾರು ದಾಟಿದ. ಅಡುಗೆಮನೆ, ದೇವರ ಖೋಲಿ, ಅಟ್ಟ. ಈ ಸಲ ಅವಸರವಿರಲಿಲ್ಲ. ಒಂದೊಂದು ಮೂಲೆಯನ್ನೂ ಹೋದ ಸಲಕ್ಕಿಂತ ನಿಂತು ನೋಡಿದ. ಡಬ್ಬಿಯ ಮುಚ್ಚಳ ತೆಗೆದ, ಅದನ್ನು ಕೈಯಲ್ಲೇ ಹಿಡಿದುಕೊಂಡು ತಲೆ ಎತ್ತಿದ. ನೀರು ಎದೆಗೆ ಬಂತು.

"ಶಾಂತಾ..."

"ಓ!" ಎಂದಳು ಶಾಂತವ್ವ ಜಮಖಾನೆಯಿಂದ. ತಡೆದುಕೊಳ್ಳಲು ಅವಳಿಂದ ಆಗಲಿಲ್ಲ. "ಇಲ್ಲೇ ಅದೇನಿ!"

ನಾಟಕ ಅಲ್ಲಿಗೆ ಮುಗಿಯಿತು. ರುದ್ರಪ್ಪ ಮುಚ್ಚಳವನ್ನು ಡಬ್ಬಿಗೆ ಹಾಕಿ, ನೀರಿನಿಂದೆದ್ದು ಜಮಖಾನೆಯ ಕಡೆ ನಡೆದ. ಏಣಿ ಹತ್ತುವ ಪ್ರಸಂಗವೇ ಬರಲಿಲ್ಲ.